ಗ್ರೀಕ್, ರೋಮನ್ ನಾಣ್ಯ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯವನು. ಇಂಗ್ಲೆಂಡಿಗೆ ಬಂದು ನೆಲೆಸಿ ವರ್ಷಗಳಾದವು. ವಾರವಿಡೀ ಕೆಲಸ, ಭಾನುವಾರ ಮಧ್ಯಾಹ್ನ ನಾಣ್ಯ. ಊಟ ಮುಗಿಸಿ ಕಿಟಕಿ ಪಕ್ಕ ಕೂತು, ಕೈಯಲ್ಲೊಂದು ಭೂತಗನ್ನಡಿ ಹಿಡಿದರೆ ಸಂಜೆಯಾದದ್ದೇ ಗೊತ್ತಾಗುವುದಿಲ್ಲ. ಊರಿಗೆ ಬಂದಾಗ ನೆಂಟರು, ಇಲ್ಲಿದ್ದಾಗ ಕನ್ನಡದ ಗೆಳೆಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಎರಡು ಸಾವಿರ ವರ್ಷ ಹಳೆಯ ನಾಣ್ಯ ನಮ್ಮಂಥವರ ಕೈಗೆ ಸಿಗುತ್ತದೆಯೇ?

ಸಿಗುತ್ತದೆ. ನನ್ನ ಮೊದಲ ನಾಣ್ಯಕ್ಕೆ ಹದಿನೈದು ಪೌಂಡ್ ಕೊಟ್ಟೆ. ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದ ಸಣ್ಣ ಕಂಚಿನ ಬಿಲ್ಲೆ, ಷರ್ಟಿನ ಗುಂಡಿಗಿಂತ ಸ್ವಲ್ಪ ದೊಡ್ಡದು. ಮಾರುವವರು ಅದನ್ನು ಗಾಜಿನ ಹಿಂದೆ ತೋರಿಸಲಿಲ್ಲ, ನೇರ ಅಂಗೈ ಮೇಲೆ ಇಟ್ಟರು. ಮ್ಯೂಸಿಯಂ ವಸ್ತು ಅಂದುಕೊಂಡದ್ದು ನನ್ನ ಕೈಯ ಬೆವರಿಗೆ ಬೆಚ್ಚಗಾಗುತ್ತಿತ್ತು. ಆ ಕ್ಷಣ ಇನ್ನೂ ನೆನಪಿದೆ.

ಇಷ್ಟು ಹಳೆಯವು ಇಷ್ಟೊಂದು ಹೇಗೆ ಉಳಿದವು?

ಆಗ ಬ್ಯಾಂಕ್ ಲಾಕರ್ ಎಲ್ಲಿತ್ತು? ಯುದ್ಧ, ದಂಗೆ, ದೂರದ ಪ್ರಯಾಣ ಅಂದರೆ ಜನ ದುಡ್ಡನ್ನು ಮಡಕೆಗೆ ತುಂಬಿ ನೆಲದಲ್ಲಿ ಹೂಳುತ್ತಿದ್ದರು. ನಮ್ಮ ಹಳ್ಳಿಗಳಲ್ಲೂ ಹೀಗೇ ಅಲ್ವಾ? ಹೂತವರು ತಿರುಗಿ ಬರಲಿಲ್ಲ, ಮಡಕೆ ಅಲ್ಲೇ ಉಳಿಯಿತು.

2010ರಲ್ಲಿ ಇಂಗ್ಲೆಂಡಿನ ಫ್ರೋಮ್ ಊರಿನ ಹತ್ತಿರ ಒಂದು ಹೊಲದಲ್ಲಿ ದೊಡ್ಡ ಮಡಕೆ ಸಿಕ್ಕಿತು. ಒಳಗೆ 52,503 ರೋಮನ್ ನಾಣ್ಯಗಳು, ತೂಕ ಸುಮಾರು 160 ಕಿಲೋ. ಕಂಡುಹಿಡಿದವರು ಆಸ್ಪತ್ರೆಯೊಂದರ ಅಡುಗೆಯವರು, ಬಿಡುವಿನಲ್ಲಿ ಲೋಹಶೋಧಕ ಹಿಡಿದು ಓಡಾಡುತ್ತಿದ್ದರು. ಮಡಕೆಯ ಬಾಯಿ ಕಂಡ ಕೂಡಲೇ ಅವರು ಅಗೆಯುವುದನ್ನು ನಿಲ್ಲಿಸಿದರು. ಮಣ್ಣು ಮುಚ್ಚಿ ಪುರಾತತ್ವದವರಿಗೆ ಹೇಳಿದರು. ಅದರಿಂದಾದ ಲಾಭ ನೋಡಿ. ತಜ್ಞರು ಪದರ ಪದರವಾಗಿ ತೆಗೆದಾಗ, ಎಲ್ಲಕ್ಕಿಂತ ಹೊಸ ನಾಣ್ಯಗಳು ಮೇಲಿರಲಿಲ್ಲ, ಮಡಕೆಯ ಅರ್ಧಕ್ಕಿಂತ ಕೆಳಗಿದ್ದವು. ಅಂದರೆ ಇದು ವರ್ಷವರ್ಷ ಕೂಡಿಟ್ಟ ಗಂಟಲ್ಲ, ಒಂದೇ ಸಲ ತುಂಬಿದ್ದು. ಅವಸರದಲ್ಲಿ ಬಾಚಿದ್ದರೆ ಈ ಕಥೆ ಮಣ್ಣುಪಾಲಾಗುತ್ತಿತ್ತು.

ಎಷ್ಟು ದುಡ್ಡು ಬೇಕು?

ನಾನು ಇಲ್ಲಿ ನೋಡಿದ ಅಂದಾಜು ಹೇಳುತ್ತೇನೆ. ಕೊನೆಗಾಲದ ರೋಮನ್ ಕಂಚು 10ರಿಂದ 30 ಪೌಂಡ್. ರೋಮಿನ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಮನೆತನದ ಡೆನಾರಿಯಸ್ ಎಂಬ ಬೆಳ್ಳಿ ನಾಣ್ಯ 50ರಿಂದ 100. ಅಲೆಕ್ಸಾಂಡರನ ದೊಡ್ಡ ಬೆಳ್ಳಿ ನಾಣ್ಯಕ್ಕೆ ಕೆಲವು ನೂರು. ಗೂಬೆಯ ಚಿತ್ರವಿರುವ ಅಥೆನ್ಸಿನ ಬೆಳ್ಳಿ ನಾಣ್ಯಕ್ಕೆ ಇನ್ನೂ ಜಾಸ್ತಿ. ಚಿನ್ನದ ಕಡೆ ನಾನು ಹೋಗಿಲ್ಲ.

ಹೊಸಬರಿಗೆ ತಿಳಿಯದ ಒಂದು ಮಾತಿದೆ. ವಯಸ್ಸಿಗೂ ಬೆಲೆಗೂ ಸಂಬಂಧ ಕಡಿಮೆ. ಕ್ರಿಸ್ತಪೂರ್ವದ ಸವೆದ ಕಂಚು ನೂರು ವರ್ಷದ ಹಿಂದಿನ ಅಪರೂಪದ ನಾಣ್ಯಕ್ಕಿಂತ ಅಗ್ಗವಾಗಿ ಸಿಗುತ್ತದೆ. ಎಷ್ಟು ಉಳಿದಿವೆ, ಮುಖ ಎಷ್ಟು ಸ್ಪಷ್ಟ, ಅಚ್ಚು ನಡುವೆ ಬಿದ್ದಿದೆಯೇ, ಎಷ್ಟು ಜನಕ್ಕೆ ಬೇಕು, ಇವೇ ಬೆಲೆ ಕಟ್ಟುತ್ತವೆ.

ಮೊದಲ ನಾಣ್ಯ ಯಾವುದು ಕೊಳ್ಳಲಿ?

ಕಣ್ಣು ಮುಚ್ಚಿ ಕಾನ್‌ಸ್ಟಂಟೈನ್ ಮನೆತನದ ಕಂಚು ಕೊಳ್ಳಿ. ಅಗ್ಗ. ಓದಲು ಸುಲಭ. ಕಲಿಯಲು ಅದರಲ್ಲಿ ಬೇಕಾದಷ್ಟಿದೆ.

ಒಂದು ಉದಾಹರಣೆ. 'ಗ್ಲೋರಿಯಾ ಎಕ್ಸೆರ್ಕಿಟುಸ್', ಅಂದರೆ 'ಸೇನೆಯ ಕೀರ್ತಿ' ಎಂದು ಬರೆದ ನಾಣ್ಯ. ಇಬ್ಬರು ಸೈನಿಕರು ಎದುರುಬದುರು ನಿಂತಿರುತ್ತಾರೆ, ನಡುವೆ ಸೇನೆಯ ಧ್ವಜ. ಧ್ವಜ ಎರಡಿದ್ದರೆ ಅದು ಕ್ರಿ.ಶ. 330ರಿಂದ ಸುಮಾರು 335ರ ನಡುವಿನದು. ಒಂದೇ ಇದ್ದರೆ ಅದರ ನಂತರದ್ದು. ನಾಣ್ಯ ಚಿಕ್ಕದಾಯಿತು, ಇಬ್ಬರ ನಡುವಿನ ಜಾಗವೂ ಕಿರಿದಾಯಿತು, ಒಂದು ಧ್ವಜ ಹೋಯಿತು. ಬೆಲೆಯೇರಿಕೆಯನ್ನು ಹೀಗೆ ಕಣ್ಣಿಂದ ನೋಡಬಹುದು.

ಸೈನಿಕರ ಕಾಲಡಿಯಲ್ಲಿ ಒಂದು ಗೆರೆ, ಗೆರೆಯ ಕೆಳಗೆ ಎರಡು ಮೂರು ಅಕ್ಷರ. ಅದು ಟಂಕಸಾಲೆಯ, ಅಂದರೆ ನಾಣ್ಯ ಅಚ್ಚು ಹಾಕಿದ ಜಾಗದ ಗುರುತು. 'ಟಿಆರ್' ಇದ್ದರೆ ಇವತ್ತಿನ ಜರ್ಮನಿಯ ಟ್ರಿಯರ್. 'ಎಸ್‌ಐಎಸ್' ಅಂದರೆ ಇವತ್ತಿನ ಕ್ರೊಯೇಶಿಯಾದ ಸಿಸಾಕ್. 'ಎಸ್‌ಎಂಕೆ' ಅಂದರೆ ಟರ್ಕಿಯ ಸಿಜಿಕಸ್. ಪಕ್ಕದಲ್ಲಿ ಇನ್ನೊಂದು ಅಕ್ಷರವಿದ್ದರೆ ಅದು ಟಂಕಸಾಲೆಯ ಎಷ್ಟನೇ ವಿಭಾಗ ಅನ್ನುವುದನ್ನು ಹೇಳುತ್ತದೆ. ಹದಿನೈದು ಪೌಂಡಿನ ಬಿಲ್ಲೆಯಲ್ಲಿ ಯಾವ ಊರು, ಯಾವ ವಿಭಾಗ, ಯಾವ ಐದು ವರ್ಷ ಎಲ್ಲ ಇದೆ!

ಇನ್ನೊಂದು ಒಳ್ಳೆಯ ಆಯ್ಕೆ, ತೋಳವೊಂದು ಅವಳಿ ಮಕ್ಕಳಿಗೆ ಹಾಲೂಡಿಸುತ್ತಿರುವ 'ಉರ್ಬ್ಸ್ ರೋಮಾ' ನಾಣ್ಯ. ರೋಮ್ ಕಟ್ಟಿದ ರೊಮುಲಸ್, ರೆಮಸ್ ಕಥೆ ಅದು. ಮಕ್ಕಳಿಗೆ ತೋರಿಸಿದರೆ ಕೈಯಿಂದ ಬಿಡುವುದೇ ಇಲ್ಲ.

ಗ್ರೀಕ್ ನಾಣ್ಯಕ್ಕೂ ರೋಮನ್ ನಾಣ್ಯಕ್ಕೂ ಏನು ವ್ಯತ್ಯಾಸ?

ಗ್ರೀಕರಲ್ಲಿ ಊರಿಗೊಂದು ನಾಣ್ಯ. ಈಜಿನಾ ದ್ವೀಪದ್ದು ಆಮೆ. ಕೊರಿಂಥ್ ನಗರದ್ದು ರೆಕ್ಕೆಯ ಕುದುರೆ. ಅಥೆನ್ಸಿನದು ಗೂಬೆ. ಸಿಸಿಲಿಯ ಸಿರಾಕ್ಯೂಸ್ ನಾಣ್ಯದಲ್ಲಿ ಅರೆಥೂಸಾ ಎಂಬ ಜಲದೇವತೆಯ ಮುಖ, ಸುತ್ತ ಈಜುವ ಡಾಲ್ಫಿನ್‌ಗಳು. ಕಿಮೋನ್, ಯುವೈನೆಟೋಸ್ ಎಂಬ ಕಲಾವಿದರು ಅಲ್ಲಿ ತಾವು ಕೆತ್ತಿದ ಅಚ್ಚಿನಲ್ಲಿ ತಮ್ಮ ಹೆಸರನ್ನೂ ಸಣ್ಣಗೆ ಕೆತ್ತಿಕೊಂಡಿದ್ದಾರೆ. ನಮ್ಮ ಬೇಲೂರಿನ ಶಿಲ್ಪಿಗಳು ಮೂರ್ತಿಯ ಕೆಳಗೆ ಹೆಸರು ಬಿಟ್ಟ ಹಾಗೆ.

ರೋಮನ್ ನಾಣ್ಯದಲ್ಲಿ ವ್ಯಕ್ತಿ ಮುಖ್ಯ. ಚಕ್ರವರ್ತಿಯ ಮುಖ, ಹೆಸರು, ಬಿರುದು, ಹಿಂದೆ ಅವನು ಜನಕ್ಕೆ ಏನು ಹೇಳಬೇಕೋ ಅದು. ಗೆದ್ದೆ, ದವಸ ಹಂಚಿದೆ, ಮಗ ಹುಟ್ಟಿದ. ಬದುಕಿದ್ದಾಗಲೇ ರೋಮಿನ ನಾಣ್ಯದಲ್ಲಿ ತನ್ನ ಮುಖ ಅಚ್ಚಾಗಿಸಿಕೊಂಡ ಮೊದಲಿಗ ಜೂಲಿಯಸ್ ಸೀಸರ್, ಕ್ರಿ.ಪೂ. 44ರಲ್ಲಿ. ಆ ವರ್ಷವೇ ಅವನ ಕೊಲೆಯಾಯಿತು. ಸೀಸರ್ ರಾಜನಾಗಲು ಹೊರಟ ಎಂದು ಅವನನ್ನು ಕೊಂದ ಬ್ರೂಟಸ್, ಎರಡೇ ವರ್ಷಕ್ಕೆ ತನ್ನ ಮುಖವನ್ನೂ ನಾಣ್ಯಕ್ಕೆ ಹಾಕಿದ!

ಚಂದಕ್ಕೆ ಗ್ರೀಕ್, ಕಥೆಗೆ ರೋಮನ್ ಎನ್ನುವುದು ನನ್ನ ಅಭಿಪ್ರಾಯ. ನನ್ನ ಪೆಟ್ಟಿಗೆಯಲ್ಲಿ ರೋಮನ್ನೇ ಜಾಸ್ತಿ.

ಗೂಬೆ ಇರುವ ನಾಣ್ಯ ಮನೆಯಲ್ಲಿಟ್ಟರೆ ಅಪಶಕುನ ಅಲ್ವಾ?

ನಮ್ಮ ದೊಡ್ಡಮ್ಮ ಕೇಳಿದ ಪ್ರಶ್ನೆ ಇದು. ಮನೆ ಮೇಲೆ ಗೂಬೆ ಕೂತರೆ ಮನೆ ಬಿಡುವ ಕಾಲ ಕಂಡವರು ಅವರು, ಹಾಗಾಗಿ ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅಥೆನ್ಸಿನವರಿಗೆ ಗೂಬೆ ಅಂದರೆ ಅಥೀನಾ ದೇವಿಯ ಹಕ್ಕಿ. ಅಥೀನಾ ವಿದ್ಯೆಯ ದೇವತೆ. ಬಂಗಾಳದಲ್ಲಿ ಲಕ್ಷ್ಮಿಯ ವಾಹನವೂ ಗೂಬೆಯೇ ಎಂದು ಹೇಳಿದ ಮೇಲೆ ದೊಡ್ಡಮ್ಮನಿಗೆ ಸಮಾಧಾನವಾಯಿತು.

ಈ ನಾಣ್ಯದ ಹೆಸರು ಟೆಟ್ರಾಡ್ರಾಕ್ಮ್, ಅಂದರೆ ನಾಲ್ಕು ಡ್ರಾಕ್ಮ. ತೂಕ ಸುಮಾರು 17.2 ಗ್ರಾಂ. ಬೆಳ್ಳಿ ಬಂದದ್ದು ಅಥೆನ್ಸಿಗೆ ಹತ್ತಿರದ ಲಾರಿಯನ್ ಗಣಿಗಳಿಂದ. ಕ್ರಿ.ಪೂ. ಐದನೇ ಶತಮಾನದ ಕೊನೆಯಲ್ಲಿ ಅಲ್ಲಿ ಗುಡಿ ಕಟ್ಟುತ್ತಿದ್ದ ಕುಶಲ ಕೆಲಸಗಾರನಿಗೆ ದಿನಕ್ಕೆ ಒಂದು ಡ್ರಾಕ್ಮ ಕೂಲಿ. ಹಾಗಾದರೆ ಒಂದು ಗೂಬೆ ನಾಣ್ಯ ಅಂದರೆ ನಾಲ್ಕು ದಿನದ ದುಡಿಮೆ. ಗೂಬೆಯ ಹಿಂದೆ ಆಲಿವ್ ಚಿಗುರು, ಸಣ್ಣ ಚಂದ್ರ, ಮುಂದೆ ಊರಿನ ಹೆಸರಿನ ಮೂರು ಗ್ರೀಕ್ ಅಕ್ಷರ. ಕೆಲವು ನಾಣ್ಯಗಳ ಮೇಲೆ ಉಳಿಯಿಂದ ಹೊಡೆದ ಆಳವಾದ ಗೀರು ಇರುತ್ತದೆ. ದೂರದ ಊರಿನ ವ್ಯಾಪಾರಿ ಒಳಗೂ ಬೆಳ್ಳಿಯೇ ಇದೆಯೇ ಎಂದು ಪರೀಕ್ಷೆ ಮಾಡಿದ ಗುರುತು ಅದು. ಗೀರಿದ್ದರೆ ಬೆಲೆ ಇಳಿಯುತ್ತದೆ. ನನಗೆ ಆ ಗೀರೇ ಇಷ್ಟ.

ನನಗೆ ಲ್ಯಾಟಿನ್ ಬರುವುದಿಲ್ಲ, ಗ್ರೀಕ್ ಮೊದಲೇ ಬರುವುದಿಲ್ಲ. ಓದುವುದು ಹೇಗೆ?

ನನಗೂ ಬರುತ್ತಿರಲಿಲ್ಲ. ರೋಮನ್ ನಾಣ್ಯಕ್ಕೆ ಹತ್ತು ಹದಿನೈದು ಗುರುತು ಕಲಿತರೆ ಸಾಕು, ಅಲ್ಲಿ ಎಲ್ಲವೂ ಮೊಟಕು ಮಾಡಿದ ಪದಗಳೇ. 'ಐಎಂಪಿ' ಅಂದರೆ ಇಂಪೆರಾಟರ್, ಸೇನಾಧಿಪತಿ. 'ಎವಿಜಿ' ಅಂದರೆ ಆಗಸ್ಟಸ್, ಚಕ್ರವರ್ತಿ. 'ಪಿಎಂ' ಮುಖ್ಯ ಪುರೋಹಿತ. 'ಸಿಒಎಸ್' ಕಾನ್ಸಲ್, ರೋಮಿನ ಒಂದು ಉನ್ನತ ಅಧಿಕಾರದ ಪದವಿ. 'ಪಿಪಿ' ಅಂದರೆ ನಾಡಿನ ತಂದೆ. 'ಯು' ಇರಬೇಕಾದಲ್ಲಿ 'ವಿ' ಬರೆಯುತ್ತಿದ್ದರು, ಇದೊಂದು ನೆನಪಿಟ್ಟುಕೊಳ್ಳಿ.

ಎಲ್ಲಕ್ಕಿಂತ ಉಪಯೋಗದ್ದು 'ಟಿಆರ್‌ಪಿ'. ಜನಪ್ರತಿನಿಧಿಯ ಅಧಿಕಾರ ಎಂದು ಅರ್ಥ. ಚಕ್ರವರ್ತಿ ಇದನ್ನು ವರ್ಷಕ್ಕೊಮ್ಮೆ ನವೀಕರಿಸುತ್ತಿದ್ದ, ಪಕ್ಕದಲ್ಲಿ ಎಷ್ಟನೇ ಸಲ ಎಂದು ಅಂಕಿ ಹಾಕುತ್ತಿದ್ದ. ನನ್ನ ಬಳಿ ಸೆಪ್ಟಿಮಿಯಸ್ ಸೆವೆರಸನ ಡೆನಾರಿಯಸ್ ಇದೆ, ಅದರಲ್ಲಿ 'ಟಿಆರ್‌ಪಿ' ಮುಂದೆ ಎಂಟು ಎಂದಿದೆ. ಅವನು ಪಟ್ಟಕ್ಕೆ ಬಂದದ್ದು 193ರಲ್ಲಿ. ಬೆರಳು ಮಡಚಿ ಎಣಿಸಿದೆ, ಕ್ರಿ.ಶ. 200 ಬಂತು. ಪುಸ್ತಕ ನೋಡದೆ ನಾನೇ ಒಂದು ನಾಣ್ಯದ ವರ್ಷ ಕಂಡುಹಿಡಿದ ಮೊದಲ ಸಲ ಅದು. ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ.

ಮಾರುವವರ ಚೀಟಿಯಲ್ಲಿ 'ಆರ್‌ಐಸಿ' ಎಂದು ಅಂಕಿ ಇರುತ್ತದೆ. ಅದು ರೋಮನ್ ಚಕ್ರವರ್ತಿಗಳ ನಾಣ್ಯಗಳ ದೊಡ್ಡ ಪಟ್ಟಿಯಲ್ಲಿನ ಕ್ರಮಸಂಖ್ಯೆ. ಆ ಅಂಕಿ ಹಿಡಿದು ಅಂತರ್ಜಾಲದಲ್ಲಿ ಹುಡುಕಿದರೆ ಮ್ಯೂಸಿಯಂಗಳಲ್ಲಿರುವ ಅದೇ ಬಗೆಯ ನಾಣ್ಯದ ಚಿತ್ರ ಸಿಗುತ್ತದೆ.

ನಾಣ್ಯ ಯಾಕೆ ಸೊಟ್ಟಗೆ, ಅಂಚು ಒಡೆದ ಹಾಗೆ ಇರುತ್ತದೆ?

ಯಂತ್ರ ಇರಲಿಲ್ಲ. ಒಂದು ಅಚ್ಚು ಅಡಿಗಲ್ಲಿನಲ್ಲಿ ಕೂತಿರುತ್ತಿತ್ತು, ಇನ್ನೊಂದು ಕೈಯಲ್ಲಿ. ನಡುವೆ ಲೋಹದ ಬಿಲ್ಲೆ ಇಟ್ಟು ಸುತ್ತಿಗೆಯಿಂದ ಹೊಡೆಯುವುದು. ಒಬ್ಬ ಬಿಲ್ಲೆ ಸ್ವಲ್ಪ ಓರೆಯಾಗಿಟ್ಟರೆ ಚಕ್ರವರ್ತಿಯ ಮೂಗು ಹೊರಗೆ ಹೋಗುತ್ತಿತ್ತು. ಏಟು ಜೋರಾದರೆ ಅಂಚು ಬಿರಿಯುತ್ತಿತ್ತು. ಕೆಲವು ಸಲ ಹೊಡೆದ ನಾಣ್ಯ ಮೇಲಿನ ಅಚ್ಚಿಗೇ ಅಂಟಿಕೊಂಡು ಉಳಿಯುತ್ತಿತ್ತು. ಕೆಲಸಗಾರ ಗಮನಿಸದೆ ಮುಂದಿನ ಬಿಲ್ಲೆ ಹೊಡೆದರೆ, ಅದರ ಒಂದು ಬದಿಯಲ್ಲಿ ಮುಖ ಉಬ್ಬಿ, ಇನ್ನೊಂದು ಬದಿಯಲ್ಲಿ ಅದೇ ಮುಖ ತಿರುಗುಮುರುಗಾಗಿ ತಗ್ಗಿ ಬರುತ್ತಿತ್ತು. ಅಂಥದ್ದೊಂದು ನೋಡಿದರೆ ಟಂಕಸಾಲೆಯ ದಣಿದ ಮಧ್ಯಾಹ್ನವೇ ಕಣ್ಣಿಗೆ ಕಟ್ಟುತ್ತದೆ.

ಇದಕ್ಕೂ ನಮ್ಮ ನಾಡಿಗೂ ಏನಾದರೂ ಸಂಬಂಧವಿದೆಯೇ?

ಇದೆ, ಅದೂ ನಮ್ಮ ಮನೆ ಬಾಗಿಲಲ್ಲೇ. ಶಾಲೆಯಲ್ಲಿದ್ದಾಗ ಚಿತ್ರದುರ್ಗದ ಚಂದ್ರವಳ್ಳಿಗೆ ಪ್ರವಾಸ ಹೋಗಿದ್ದೆವು. ಗುಹೆ, ಕೆರೆ ನೋಡಿ, ಬುತ್ತಿ ತಿಂದು ಬಂದೆವು. ಆ ನೆಲದಲ್ಲಿ ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್, ಅವನ ನಂತರ ಬಂದ ಟೈಬೀರಿಯಸ್ ಕಾಲದ ಬೆಳ್ಳಿ ಡೆನಾರಿಯಸ್‌ಗಳು ಸಿಕ್ಕಿವೆ ಎಂದು ನನಗೆ ಗೊತ್ತಾದದ್ದು ಇಂಗ್ಲೆಂಡಿಗೆ ಬಂದ ಮೇಲೆ. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಬ್ರಹ್ಮಗಿರಿ, ಚಂದ್ರವಳ್ಳಿ ಎರಡನ್ನೂ ಅಗೆದರು. ಅವರಿಗೂ ಮೊದಲು ಎಂ.ಎಚ್. ಕೃಷ್ಣ ಅಲ್ಲಿ ಅಗೆದಿದ್ದರು. ಬೆಂಗಳೂರಿನ ಯಶವಂತಪುರದಲ್ಲೂ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿತು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಪೂರ್ವ ರೋಮಿನ, ಅಂದರೆ ಬೈಜಾಂಟಿಯಂ ಚಕ್ರವರ್ತಿಗಳ ಚಿನ್ನದ ನಾಣ್ಯಗಳು ಸಿಕ್ಕಿವೆ.

ಹೇಗೆ ಬಂದವು? ಮೆಣಸು, ಮುತ್ತು, ಹತ್ತಿ ಬಟ್ಟೆಗೆ ಬದಲಾಗಿ. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಟಿಯಸ್ ಹೀರಿಕೊಳ್ಳುತ್ತಿದೆ ಎಂದು ರೋಮಿನ ಲೇಖಕ ಪ್ಲಿನಿ ಕ್ರಿ.ಶ. ಮೊದಲ ಶತಮಾನದಲ್ಲೇ ಗೊಣಗಿದ್ದಾನೆ. ನಾಲ್ಕು ಸೆಸ್ಟರ್ಟಿಯಸ್‌ಗೆ ಒಂದು ಡೆನಾರಿಯಸ್. ಲೆಕ್ಕ ಹಾಕಿದರೆ ಒಂದೂಕಾಲು ಕೋಟಿ ಬೆಳ್ಳಿ ನಾಣ್ಯ.

ದಕ್ಷಿಣ ಭಾರತದಲ್ಲಿ ಎರಡು ಬಗೆ ತುಂಬಾ ಸಿಗುತ್ತವೆ. ಒಂದರಲ್ಲಿ ಆಗಸ್ಟಸನ ಮೊಮ್ಮಕ್ಕಳಾದ ಗಾಯಸ್, ಲೂಸಿಯಸ್ ಗುರಾಣಿ ಹಿಡಿದು ನಿಂತಿದ್ದಾರೆ. ಇನ್ನೊಂದು ಟೈಬೀರಿಯಸನದು, ಹಿಂಬದಿಯಲ್ಲಿ ಕುಳಿತ ಹೆಂಗಸು. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ನಾಣ್ಯದ ತೂಕ, ಬೆಳ್ಳಿ ಎರಡನ್ನೂ ಇಳಿಸಿದ. ಇವು ಅದಕ್ಕೂ ಮೊದಲಿನ ಒಳ್ಳೆಯ ಬೆಳ್ಳಿಯವು. ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ 1898ರಲ್ಲಿ ಸಿಕ್ಕ 501 ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವಕ್ಕೆ ಚಕ್ರವರ್ತಿಯ ಮುಖದ ಮೇಲೆ ಗೀರು ಎಳೆದಿದ್ದಾರೆ. ತೂತು ಕೊರೆದು ಕೊಂಡಿ ಹಾಕಿದ ರೋಮನ್ ಚಿನ್ನವೂ ಭಾರತದಲ್ಲಿ ಸಿಕ್ಕಿದೆ. ಕಾಸಿನ ಸರದ ನಾಡಲ್ವಾ ನಮ್ಮದು!

ಹೆಸರುಗಳೂ ಉಳಿದಿವೆ. ಡೆನಾರಿಯಸ್ ಇಲ್ಲಿ ದೀನಾರವಾಯಿತು. ಡ್ರಾಕ್ಮ ದ್ರಮ್ಮವಾಗಿ ಹಳಗನ್ನಡದ ಶಾಸನಗಳಲ್ಲಿ ಕೂತಿದೆ.

ಉತ್ತರದ ಇಂಡೋ ಗ್ರೀಕ್ ರಾಜರದು ಇನ್ನೊಂದು ಲೋಕ. ಮೆನಾಂಡರ್ ನಾಣ್ಯದ ಒಂದು ಬದಿ ಗ್ರೀಕ್, ಇನ್ನೊಂದು ಬದಿ ಖರೋಷ್ಠಿ ಲಿಪಿಯಲ್ಲಿ 'ಮಹಾರಾಜಸ ತ್ರಾತರಸ ಮೆನಂದ್ರಸ', ಅಂದರೆ ರಕ್ಷಕನಾದ ಮಹಾರಾಜ ಮೆನಾಂಡರನದು. ಬೌದ್ಧ ಗ್ರಂಥದಲ್ಲಿ ಬರುವ ಮಿಲಿಂದ ರಾಜ ಇವನೇ. ಅಫ್ಘಾನಿಸ್ತಾನದ ಆಯ್ ಖಾನುಂನಲ್ಲಿ 1970ರಲ್ಲಿ ಅಗಾಥೊಕ್ಲಿಸ್ ರಾಜನ ಚೌಕ ಬೆಳ್ಳಿ ನಾಣ್ಯಗಳು ಸಿಕ್ಕವು. ಒಂದು ಬದಿ ನೇಗಿಲು ಹಿಡಿದ ಬಲರಾಮ, ಇನ್ನೊಂದು ಬದಿ ಚಕ್ರ ಹಿಡಿದ ವಾಸುದೇವ. ಗ್ರೀಕ್ ರಾಜ ಕೃಷ್ಣನ ಚಿತ್ರ ಅಚ್ಚು ಹಾಕಿಸಿದ್ದು ಕ್ರಿ.ಪೂ. ಎರಡನೇ ಶತಮಾನದಲ್ಲಿ!

ನಮ್ಮ ಹೊಲದಲ್ಲಿ ಇಂಥದ್ದು ಸಿಕ್ಕರೆ?

ಇಟ್ಟುಕೊಳ್ಳಬೇಡಿ, ಕರಗಿಸಬೇಡಿ, ತೊಳೆಯಬೇಡಿ. ನಿಧಿ ಕಾನೂನಿನ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಸಿಕ್ಕ ಜಾಗವನ್ನು ಹಾಗೇ ಬಿಡಿ. ಫ್ರೋಮ್‌ನ ಅಡುಗೆಯವರು ಮಾಡಿದ್ದನ್ನು ನೆನಪಿಸಿಕೊಳ್ಳಿ.

ನಕಲಿ ನಾಣ್ಯ ಗುರುತಿಸುವುದು ಹೇಗೆ?

ಇದಕ್ಕೆ ಒಂದೇ ಉತ್ತರವಿಲ್ಲ, ಆದರೆ ಮೊದಲ ಹೆಜ್ಜೆ ತಕ್ಕಡಿ. ಅಕ್ಕಸಾಲಿಗರು ಬಳಸುವಂಥ ಸಣ್ಣ ಡಿಜಿಟಲ್ ತಕ್ಕಡಿ ಸಾಕು.

ಒಮ್ಮೆ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿ ಹಾಳು ಪಟ್ಟಣವೊಂದನ್ನು ನೋಡಲು ಹೋಗಿದ್ದೆ. ಒಬ್ಬ ಬಂದು ಅಂಗೈ ಬಿಚ್ಚಿ ತೋರಿಸಿದ. ಸಿಂಹದ ತಲೆ ಹೊದ್ದ ಹೆರಾಕ್ಲಿಸ್, ಹಿಂದೆ ಹದ್ದು ಹಿಡಿದು ಕುಳಿತ ಜೀಯಸ್. ಅಲೆಕ್ಸಾಂಡರನ ನಾಣ್ಯ! ಆಸೆಗೆ ಬಿದ್ದು ಕೊಂಡೆ. ಕೋಣೆಗೆ ಬಂದು ನೋಡಿದರೆ ಅಂಚಿನ ಸುತ್ತ ಸಣ್ಣ ಗೆರೆ, ಎರಡು ಅರ್ಧಗಳನ್ನು ಎರಕ ಹೊಯ್ದು ಕೂಡಿಸಿದ ಹಾಗೆ. ಮನೆಯಲ್ಲಿ ತೂಗಿದಾಗ 13 ಗ್ರಾಂ. ಇರಬೇಕಾದದ್ದು 17ರ ಆಸುಪಾಸು. ಅದು ನಿಜವಾದದ್ದಾಗಿದ್ದರೆ ಇನ್ನೂ ಕೆಟ್ಟದಿತ್ತು, ಯಾಕೆಂದರೆ ಟರ್ಕಿಯಿಂದ ಪ್ರಾಚೀನ ವಸ್ತು ಹೊರಗೆ ಒಯ್ಯುವುದು ಅಪರಾಧ. ಪ್ರವಾಸಿ ಸ್ಥಳದಲ್ಲಿ ನಾಣ್ಯ ಕೊಳ್ಳಲೇಬೇಡಿ.

ನೋಡಬೇಕಾದದ್ದು ಇಷ್ಟು. ಮೇಲ್ಮೈಯಲ್ಲಿ ಸಣ್ಣ ಗುಳ್ಳೆಯ ಕುಳಿಗಳಿವೆಯೇ? ಅಕ್ಷರಗಳು ಸೋಪಿನಂತೆ ನುಣುಪಾಗಿವೆಯೇ? ಅಂಚಿನಲ್ಲಿ ಗೆರೆ ಇದೆಯೇ? ಎರಡು ನಾಣ್ಯ ಪೆಟ್ಟು, ಬಿರುಕು, ಅಂಚಿನ ಆಕಾರ ಎಲ್ಲದರಲ್ಲೂ ತದ್ರೂಪವೇ? ಕೈಯಿಂದ ಹೊಡೆದ ಎರಡು ನಾಣ್ಯ ಎಂದೂ ಪೂರ್ತಿ ಒಂದೇ ಥರ ಇರುವುದಿಲ್ಲ.

ನಕಲಿಗೂ ಇತಿಹಾಸವಿದೆ. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ 1800ರ ಸುಮಾರಿಗೆ ಅಚ್ಚು ಕೆತ್ತಿ ಗ್ರೀಕ್, ರೋಮನ್ ನಾಣ್ಯ ತಯಾರಿಸಿದ. ಅವು ಹಳೆಯದಾಗಿ ಕಾಣಲಿ ಎಂದು, ಜಿಡ್ಡು ಹಚ್ಚಿದ ಕಬ್ಬಿಣದ ಪುಡಿಯ ಜೊತೆ ಪೆಟ್ಟಿಗೆಗೆ ಹಾಕಿ ತನ್ನ ಗಾಡಿಗೆ ಕಟ್ಟಿ ಊರೂರು ಸುತ್ತುತ್ತಿದ್ದನಂತೆ. ರೋಮನ್ನರ ಕಾಲದಲ್ಲೂ ಕಳ್ಳನಾಣ್ಯವಿತ್ತು, ತಾಮ್ರದ ತಿರುಳಿಗೆ ಮೇಲೆ ಬೆಳ್ಳಿ ಹೊದಿಸಿದ್ದು. ಅವನ್ನೇ ಹುಡುಕಿ ಕೂಡಿಸುವವರೂ ಇದ್ದಾರೆ.

ಎಲ್ಲಿ ಕೊಳ್ಳಬೇಕು?

ಬರೆದು ಕೊಡುವವರ ಹತ್ತಿರ. ನಾಣ್ಯ ಅಸಲಿ, ಅಲ್ಲದಿದ್ದರೆ ಯಾವಾಗ ಬೇಕಾದರೂ ಹಣ ವಾಪಸ್ ಎಂದು ಕಾಗದದ ಮೇಲೆ ಹೇಳುವ ಅಂಗಡಿ ಅಥವಾ ಹರಾಜು ಮನೆ. ಜೊತೆಗೆ ಇನ್ನೊಂದು ಕೇಳಿ: ಇದು ನಿಮಗೆ ಎಲ್ಲಿಂದ ಬಂತು? ಮೊದಲು ಯಾರ ಸಂಗ್ರಹದಲ್ಲಿತ್ತು? ಹಳೇ ಚೀಟಿ, ಹರಾಜಿನ ರಸೀದಿ ಇದ್ದರೆ ನಾಣ್ಯದಷ್ಟೇ ಜೋಪಾನ ಮಾಡಿ.

ಈ ಕಾಗದ ಯಾಕೆ ಮುಖ್ಯ ಎನ್ನುವುದಕ್ಕೆ ಬ್ರೂಟಸನ ಚಿನ್ನದ ನಾಣ್ಯವೇ ಸಾಕ್ಷಿ. ಒಂದು ಬದಿ ಅವನ ಮುಖ, ಇನ್ನೊಂದು ಬದಿ ಎರಡು ಕಠಾರಿ, ನಡುವೆ ಬಿಡುಗಡೆಯಾದ ಗುಲಾಮರು ಹಾಕುವ ಟೋಪಿ, ಕೆಳಗೆ ಸೀಸರನ ಕೊಲೆಯಾದ ಮಾರ್ಚ್ 15ರ ಗುರುತು. 2020ರಲ್ಲಿ ಅಂಥದ್ದೊಂದು ಹರಾಜಿನಲ್ಲಿ ಸುಮಾರು 42 ಲಕ್ಷ ಡಾಲರಿಗೆ ಹೋಯಿತು. ಆಮೇಲೆ ಅದರ ಹಿಂದಿನ ಒಡೆತನದ ಕಥೆಯೇ ಸುಳ್ಳು ಎಂದು ಗೊತ್ತಾಯಿತು. 2023ರಲ್ಲಿ ನಾಣ್ಯ ಗ್ರೀಸಿಗೆ ಮರಳಿತು. ನಮ್ಮ ಹದಿನೈದು ಪೌಂಡಿನ ಬಿಲ್ಲೆಗೂ ನಿಯಮ ಅದೇ. ಕದ್ದು ಅಗೆದದ್ದನ್ನು ನಾವು ಕೊಂಡರೆ, ಇನ್ನೊಂದು ಗುಂಡಿ ತೋಡಲು ನಾವೇ ದುಡ್ಡು ಕೊಟ್ಟ ಹಾಗೆ.

ಹಳೇ ನಾಣ್ಯ ತೊಳೆದು ಹೊಳೆಯುವ ಹಾಗೆ ಮಾಡಬಹುದೇ?

ಬೇಡ. ದಯವಿಟ್ಟು ಬೇಡ.

ಶುರುವಿನ ದಿನಗಳಲ್ಲಿ ನನ್ನ ಒಂದು ಕಂಚಿನ ನಾಣ್ಯ ಕಡುಹಸಿರಾಗಿ ಮಂಕಾಗಿತ್ತು. ಮನೆಯಲ್ಲಿ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜುವುದನ್ನು ನೋಡಿಯೇ ಬೆಳೆದವನು. ಹಾಗೇ ಮಾಡಿದೆ. ಹತ್ತು ನಿಮಿಷಕ್ಕೆ ಹಸಿರು ಹೋಗಿ ಕೆಂಪು ತಾಮ್ರ ಬಂತು. ಜೊತೆಗೆ ಅಕ್ಷರಗಳೂ ಹೋದವು, ಚಕ್ರವರ್ತಿಯ ಕಣ್ಣೂ ಹೋಯಿತು. ಸಾವಿರಾರು ವರ್ಷದಲ್ಲಿ ಲೋಹದ ಮೇಲ್ಪದರವೇ ಆ ಹಸಿರಾಗಿ ಬದಲಾಗಿತ್ತು, ಗೆರೆಗಳೆಲ್ಲ ಅದರಲ್ಲೇ ಇದ್ದವು. ಅಷ್ಟು ಕಾಲ ಮಣ್ಣಿನಲ್ಲಿ ಉಳಿದದ್ದನ್ನು ನಾನು ಹತ್ತು ನಿಮಿಷದಲ್ಲಿ ಅಳಿಸಿದೆ. ಆ ನಾಣ್ಯವನ್ನು ಪೆಟ್ಟಿಗೆಯ ಮೊದಲ ಗೂಡಿನಲ್ಲೇ ಇಟ್ಟಿದ್ದೇನೆ, ಹೊಸಬರಿಗೆ ಮೊದಲು ಅದನ್ನೇ ತೋರಿಸುತ್ತೇನೆ.

ಎಲ್ಲ ಹಸಿರೂ ಒಳ್ಳೆಯದೇ?

ಅಲ್ಲ. ಗಟ್ಟಿಯಾಗಿ, ನಯವಾಗಿ ಅಂಟಿಕೊಂಡ ಹಸಿರು ಒಳ್ಳೆಯದು. ತಿಳಿಹಸಿರು ಪುಡಿ ಅಲ್ಲಲ್ಲಿ ಉಕ್ಕಿ, ಉಗುರು ತಾಗಿದರೆ ಉದುರಿದರೆ ಅದು ಕಂಚಿನ ರೋಗ. ಲೋಹದೊಳಗಿನ ಕ್ಲೋರೈಡ್ ಉಪ್ಪಿಗೆ ಗಾಳಿಯ ತೇವ ಸೇರಿದರೆ ಕಿಲುಬು ಒಳಗೊಳಗೇ ತಿನ್ನುತ್ತದೆ. ಆ ನಾಣ್ಯವನ್ನು ಕೂಡಲೇ ಬೇರೆ ಇಡಿ. ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಿ, ನೀರು ಬದಲಿಸುತ್ತಾ ವಾರಗಟ್ಟಲೆ ಬಿಡಿ. ಆಮೇಲೆ ಚೆನ್ನಾಗಿ ಒಣಗಿಸಿ. ನಲ್ಲಿ ನೀರು ಬೇಡ, ಅದರಲ್ಲೂ ಕ್ಲೋರೀನ್ ಇರುತ್ತದೆ.

ಹೇಗೆ ಇಡಬೇಕು?

ಒಣ ಜಾಗದಲ್ಲಿ. ಮಂಗಳೂರು, ಕಾರವಾರದ ಕಡೆಯವರು ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲದಲ್ಲಿ ಬದಲಿಸುತ್ತಿರಿ. ಮೆತ್ತಗೆ, ಪ್ಲಾಸ್ಟಿಕ್ ವಾಸನೆ ಬರುವ ಪಿವಿಸಿ ಹಾಳೆಯ ಆಲ್ಬಂ ಬೇಡ. ಅದು ಕಾಲ ಕಳೆದಂತೆ ನಾಣ್ಯಕ್ಕೆ ಹಸಿರು ಅಂಟು ಹಚ್ಚುತ್ತದೆ. ಮೈಲಾರ್ ಎಂಬ, ಪಿವಿಸಿ ಅಲ್ಲದ ಪ್ಲಾಸ್ಟಿಕ್ ಹಾಳೆಯ ಚೀಲ ಅಥವಾ ಮರದ ತಟ್ಟೆ ಒಳ್ಳೆಯದು. ಪ್ರತಿ ನಾಣ್ಯದ ಜೊತೆ ಒಂದು ಚೀಟಿ: ಯಾರದ್ದು, ತೂಕ, ಎಲ್ಲಿ ಕೊಂಡದ್ದು, ಯಾವತ್ತು, ಎಷ್ಟಕ್ಕೆ. ನಾನು ಕನ್ನಡದಲ್ಲೇ ಬರೆಯುತ್ತೇನೆ.

ಬರಿಗೈಲಿ ಮುಟ್ಟಬಹುದೇ?

ಮುಟ್ಟಿ. ಕೈ ತೊಳೆದು ಒರೆಸಿಕೊಂಡು, ಅಂಚು ಹಿಡಿಯಿರಿ. ಕೆಳಗೆ ಮೆತ್ತನೆ ಬಟ್ಟೆ ಇರಲಿ. ಹಳೇ ಬೆಳ್ಳಿ ಒಳಗೊಳಗೆ ಪೆಡಸಾಗಿರುತ್ತದೆ, ಬಿದ್ದರೆ ಬಿಸ್ಕತ್ತಿನಂತೆ ಮುರಿಯಬಹುದು.

ಹೂಡಿಕೆಗೆ ಒಳ್ಳೆಯದೇ?

ಮಾರುವಾಗ ಅಂಗಡಿಯವರ ಪಾಲು, ಹರಾಜಿನ ಪಾಲು ಎಲ್ಲ ಕಳೆದು ಕೈಗೆ ಬರುವುದು ಕಡಿಮೆ. ದುಡ್ಡು ಬೆಳೆಯಬೇಕಾದರೆ ಬ್ಯಾಂಕಿಗೆ ಹೋಗಿ.

ಏನು ಕೂಡಿಸಬೇಕು ಎಂದು ಹೇಗೆ ನಿರ್ಧರಿಸುವುದು?

ಮೊದಲ ವರ್ಷ ನಿರ್ಧರಿಸಬೇಡಿ. ಸುಮ್ನೆ ನೋಡಿ. ನನ್ನ ಲೆಕ್ಕ ಎರಡು ತಿಂಗಳಿಗೆ ಒಂದು ನಾಣ್ಯ. ಒಂದನ್ನು ಪೂರ್ತಿ ಓದಿ, ಟಂಕಸಾಲೆಯ ಊರನ್ನು ನಕ್ಷೆಯಲ್ಲಿ ಹುಡುಕಿ, ಆ ಚಕ್ರವರ್ತಿ ಹೇಗೆ ಸತ್ತ ಎಂದು ತಿಳಿದ ಮೇಲೇ ಮುಂದಿನದು. ಒಬ್ಬ ಗೆಳತಿ ಪ್ರಾಣಿಗಳಿರುವ ನಾಣ್ಯ ಮಾತ್ರ ಕೊಳ್ಳುತ್ತಾರೆ. ಇನ್ನೊಬ್ಬರು ರಾಣಿಯರದ್ದು ಮಾತ್ರ. ನಾನು ಬೆಳ್ಳಿ ಕರಗಿದ ಕಥೆಯ ಹಿಂದೆ ಬಿದ್ದಿದ್ದೇನೆ. ಆಗಸ್ಟಸನ ಶುದ್ಧ ಬೆಳ್ಳಿ, ನೀರೋನ ಕಡಿತ, ಸೆವೆರಸನ ಕಾಲಕ್ಕೆ ಹೆಚ್ಚುಕಡಿಮೆ ಅರ್ಧ, 260ರ ದಶಕದ ಕೊನೆಗೆ ತಾಮ್ರದ ಮೇಲೆ ಬೆಳ್ಳಿಯ ತೆಳು ಲೇಪ. ಏಳು ನಾಣ್ಯ ಸಾಲಾಗಿಟ್ಟರೆ ಒಂದು ಸಾಮ್ರಾಜ್ಯದ ಖಜಾನೆ ಬರಿದಾಗುವುದು ಬಣ್ಣದಲ್ಲೇ ಕಾಣುತ್ತದೆ.

ವಿದೇಶದಲ್ಲಿ ಕೊಂಡು ಭಾರತಕ್ಕೆ ತರಬಹುದೇ?

ತರುವ ಮೊದಲು ಎರಡೂ ದೇಶಗಳ ನಿಯಮ ಕೇಳಿಕೊಳ್ಳಿ. ಕೊಂಡ ದೇಶದಿಂದ ಹೊರಗೆ ಒಯ್ಯಲು ಪರವಾನಗಿ ಬೇಕಾಗಬಹುದು. ಭಾರತದಲ್ಲಿ ಕಸ್ಟಮ್ಸ್ ಸುಂಕ ಬೀಳಬಹುದು. ಇನ್ನೊಂದು ವಿಷಯ. ನಮ್ಮ 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚೀನ ವಸ್ತು. ಅದನ್ನು ಖಾಸಗಿಯವರು ಭಾರತದಿಂದ ಹೊರಗೆ ಒಯ್ಯುವಂತಿಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನು ಚೀಲದಲ್ಲಿ ಹಾಕಿಕೊಂಡು ವಿಮಾನ ಹತ್ತಬೇಡಿ. ನನ್ನ ನಾಣ್ಯಗಳು ಇಂಗ್ಲೆಂಡಿನಲ್ಲೇ ಇವೆ, ಊರಿಗೆ ಬರುವಾಗ ಚಿತ್ರ ಮಾತ್ರ ತರುತ್ತೇನೆ.

ಕೊಳ್ಳದೆ ಸುಮ್ನೆ ನೋಡಬೇಕಾದರೆ?

ಚೆನ್ನೈ ಎಗ್ಮೋರಿನ ಸರ್ಕಾರಿ ಮ್ಯೂಸಿಯಂಗೆ ಹೋಗಿ. ದಕ್ಷಿಣ ಭಾರತದ ನೆಲದಲ್ಲೇ ಸಿಕ್ಕ ರೋಮನ್ ನಾಣ್ಯಗಳ ದೊಡ್ಡ ಸಂಗ್ರಹ ಅಲ್ಲಿದೆ. ಅಥೆನ್ಸಿಗೆ ಹೋದವರು ನಾಣ್ಯ ಮ್ಯೂಸಿಯಂ ಬಿಡಬೇಡಿ. ಟ್ರಾಯ್ ಅಗೆದ ಶ್ಲೀಮನ್ ಅವರ ಮನೆಯಲ್ಲೇ ಅದಿದೆ. ಬ್ರಿಟಿಷ್ ಮ್ಯೂಸಿಯಂ ತನ್ನ ನಾಣ್ಯಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ.

ಇದು ಈಗಿನವರ ಹುಚ್ಚೇ?

ಅಲ್ಲ. ಆಗಸ್ಟಸ್ ಚಕ್ರವರ್ತಿ ಹಬ್ಬದ ದಿನ ಹಳೇ ರಾಜರ, ಹೊರದೇಶಗಳ ನಾಣ್ಯಗಳನ್ನು ಉಡುಗೊರೆ ಕೊಡುತ್ತಿದ್ದ ಎಂದು ರೋಮಿನ ಲೇಖಕ ಸ್ವೆಟೋನಿಯಸ್ ಬರೆದಿದ್ದಾನೆ. 14ನೇ ಶತಮಾನದಲ್ಲಿ ಇಟಲಿಯ ಕವಿ ಪೆಟ್ರಾರ್ಕ್ ರೋಮನ್ ನಾಣ್ಯ ಕೂಡಿಸಿದ್ದ, ಅವುಗಳಲ್ಲಿ ಕೆಲವನ್ನು ನಾಲ್ಕನೇ ಚಾರ್ಲ್ಸ್ ದೊರೆಗೆ ಕೊಟ್ಟ.

ಗುರುತೇ ಸಿಗದ ನಾಣ್ಯವಿದ್ದರೆ ಏನು ಮಾಡಬೇಕು?

ಬೆಳಕನ್ನು ಪಕ್ಕದಿಂದ ಬಿಡಿ, ಮೇಲಿಂದಲ್ಲ. ನೆರಳು ಬಿದ್ದಾಗ ಸವೆದ ಅಕ್ಷರ ಮೇಲೇಳುತ್ತದೆ. ನಿಧಾನಕ್ಕೆ ತಿರುಗಿಸಿ. ಕಂಡ ಅಕ್ಷರಗಳನ್ನು ಕಾಣದ ಜಾಗಕ್ಕೆ ಚುಕ್ಕೆ ಇಟ್ಟು ಬರೆದುಕೊಳ್ಳಿ. ತೂಕ, ಅಗಲ ಬರೆಯಿರಿ. ತಲೆಗೂದಲು ನೋಡಿ. ಎಲೆಯ ಮಾಲೆಯೇ, ಮೊನೆ ಮೊನೆಯ ಕಿರೀಟವೇ, ಮುತ್ತಿನ ಪಟ್ಟಿಯೇ? ಇಷ್ಟರಿಂದಲೇ ಶತಮಾನ ತಿಳಿಯುತ್ತದೆ.

ನನ್ನ ಬಳಿ ಒಂದಿದೆ. 2.9 ಗ್ರಾಂ, 19 ಮಿಲಿಮೀಟರ್. ಮೊನೆಯ ಕಿರೀಟ, ಚಿಕ್ಕ ಗಡ್ಡ. ಹಿಂದೆ ನಿಂತ ಹೆಂಗಸು, ಕೈಯಲ್ಲಿ ಕಾಲಿನಷ್ಟು ಉದ್ದದ ಏನೋ ಒಂದು. ಮೂರು ಅಕ್ಷರ ಓದಿದ್ದೇನೆ. ನಾಲ್ಕನೆಯದು 'ಸಿ' ಇರಬಹುದು, 'ಜಿ'ಯೂ ಇರಬಹುದು. ಮುಂದಿನ ಭಾನುವಾರ ಬಿಸಿಲು ಬಂದರೆ ಮತ್ತೆ ನೋಡುತ್ತೇನೆ.